ಮೊಹೆಂಜೊದಾರೊವಿನ ಬಚ್ಚಲುಗಳು

ಮನೆ ಕಟ್ಟಿಸುವ ನಾವು ಬಚ್ಚಲಿಗೆ ಹಾಸುವ ಟೈಲಿನ ಬಣ್ಣವನ್ನೂ ನುಣುಪನ್ನೂ ಬಹುವಾಗಿ ವಿಚಾರಿಸುತ್ತೇವೆ. ಅದರ ಅಡಿಯಲ್ಲಿ ಏನಿರುವುದೆಂದು ಕೇಳುವುದು ಅಪೂರ್ವ. ಟೈಲು ಎಷ್ಟೇ ಗಟ್ಟಿಯಾಗಿದ್ದರೂ ನೀರು ಸಂದುಗಳಲ್ಲಿ ಇಳಿದು ಗೋಡೆಯನ್ನು ಸೇರದೆ ಬಿಡದು. ಈ ಮಾತನ್ನು ನಾಲ್ಕು ಸಹಸ್ರ ವರ್ಷಗಳ ಹಿಂದೆಯೇ ಅರಿತು ಕೆಲಸ ಮಾಡಿದ ಜನರಿದ್ದರು.

ಈಗ ಪಾಕಿಸ್ತಾನಕ್ಕೆ ಸೇರಿರುವ ಸಿಂಧ್ ಪ್ರಾಂತದ ಮೊಹೆಂಜೊದಾರೊವಿನಲ್ಲಿ 1922ರಲ್ಲಿ ರಾಖಾಲ್‌ದಾಸ್ ಬ್ಯಾನರ್ಜಿಯವರು ಉತ್ಖನನವನ್ನು ಆರಂಭಿಸಿದರು. 1924ರಲ್ಲಿ ಸರ್ ಜಾನ್ ಮಾರ್ಷಲ್ ಅವರು ಆ ಪುರಾತನ ನಾಗರಿಕತೆಯ ವಾರ್ತೆಯನ್ನು ಲೋಕಕ್ಕೆ ತಿಳಿಸಿದರು. ಅಲ್ಲಿಯ ಅನೇಕ ಮನೆಗಳಲ್ಲಿ ಪ್ರತ್ಯೇಕವಾದ ಬಚ್ಚಲಿದ್ದಿತು. ಸಾಮಾನ್ಯವಾಗಿ ಅದು ಬೀದಿಯ ಪಕ್ಕದಲ್ಲಿಯೇ ಇರುತ್ತಿದ್ದಿತು. ಸುಟ್ಟ ಇಟ್ಟಿಗೆಗಳ ಅಂಚುಗಳನ್ನು ಕೊಯ್ದು ಉಜ್ಜಿ, ಸಂದು ಕಾಣದಂತೆ ಒತ್ತಾಗಿ ಹಾಸಿದ್ದರು. ನೆಲಕ್ಕೆ ಒಂದು ಮೂಲೆಯ ಕಡೆಗೆ ವಾಟ ಕೊಟ್ಟಿದ್ದರು. ನೀರು ಆ ಮೂಲೆಯಿಂದ ಗೋಡೆಯನ್ನು ಹಾಯ್ದು ಬೀದಿಯ ಮೋರಿಯನ್ನು ಸೇರುತ್ತಿದ್ದಿತು. ನಿಲ್ಲಲು ಎಡೆಯಿಲ್ಲದ ನೀರು ಇಂಗಲು ಅವಕಾಶವನ್ನು ಪಡೆಯುವುದು ಕಡಿಮೆ.

ಆದರೆ ನೀರನ್ನು ನಿಲ್ಲಿಸಿಯೇ ಇರಿಸಬೇಕಾದಲ್ಲಿ ಏನು ಮಾಡುವುದು? ಇದಕ್ಕೆ ಉತ್ತರ 1925-26ರಲ್ಲಿ ಬೆಳಕಿಗೆ ಬಂದ ಮಹಾಸ್ನಾನಕುಂಡದಲ್ಲಿದೆ. ಸುಮಾರು 39 ಅಡಿ ಉದ್ದ, 23 ಅಡಿ ಅಗಲ, 8 ಅಡಿ ಆಳದ ಈ ಕುಂಡಕ್ಕೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಜಿಪ್ಸಂ ಗಾರೆಯಲ್ಲಿ ಕಟ್ಟಿದ್ದಾರೆ. ಆ ಗೋಡೆಯ ಹಿಂದೆ ಸುಮಾರು ಒಂದು ಅಂಗುಲ ದಪ್ಪದ ಕಲ್ಲರಗಿನ ಲೇಪ; ಲೇಪವು ಜಾರದಂತೆ ಅದರ ಹಿಂದೆ ಮತ್ತೊಂದು ಇಟ್ಟಿಗೆಯ ಗೋಡೆ. ಸ್ನಾನಕ್ಕಿಳಿದವರ ಕಣ್ಣಿಗೆ ಬೀಳುತ್ತಿದ್ದುದು ನಯವಾದ ಇಟ್ಟಿಗೆ ಮಾತ್ರ. ನೀರನ್ನು ತಡೆಯುವ ಭಾರವನ್ನು ಹೊತ್ತಿದ್ದುದು ಅದರ ಹಿಂದಣ ಕಪ್ಪು ಲೇಪ. ನೀರನ್ನು ಹೊರಬಿಡಲು ನೈರುತ್ಯದ ಮೂಲೆಯಲ್ಲಿ ದ್ವಾರವಿದ್ದು, ಅದು ಆಳು ನಡೆಯುವಷ್ಟು ಎತ್ತರದ ಕಾಲುವೆಯನ್ನು ಸೇರುತ್ತಿದ್ದಿತು. ಇದು ಧಾರ್ಮಿಕ ಸ್ನಾನಕ್ಕಾಗಿ ಇದ್ದಿತೆಂದು ಹಲವು ವಿದ್ವಾಂಸರ ಊಹೆ. ಅದು ಹೇಗಾದರೂ ಇರಲಿ, ಇದನ್ನು ಕಟ್ಟಿದ ಗಾರೆಯವನಿಗೆ ತನ್ನ ಕೆಲಸದ ಮುಖ್ಯಭಾಗವನ್ನು ಯಾರೂ ನೋಡಲಾರರೆಂದು ತಿಳಿದಿದ್ದಿತು. ಆದರೂ ಅವನು ಅದನ್ನು ಕಡೆಗಣಿಸಲಿಲ್ಲ.

ಮೇಲಿನಿಂದ ಬರುವ ನೀರನ್ನು ಹೀಗೆ ಗೆದ್ದ ಆ ಇಟ್ಟಿಗೆಗಳಿಗೆ ಇಂದು ಕೆಳಗಿನಿಂದ ಗಂಡಾಂತರ ಒದಗಿದೆ. ನೆಲದೊಳಗಿನ ಉಪ್ಪುನೀರು ಗೋಡೆಗಳಲ್ಲಿ ಏರುತ್ತದೆ. ನೀರು ಆರಿದೊಡನೆ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಮಾಡುತ್ತದೆ. 1980ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಅವಶೇಷಗಳನ್ನು ಉಳಿಸುವ ಕಾರ್ಯದಲ್ಲಿ ಉಪ್ಪಿನೊಡನೆಯೇ ಹೆಚ್ಚಿನ ಹೋರಾಟ.

ನೀರಿಗೆ ಅವಸರವಿಲ್ಲ, ಅದು ಕಾಯಬಲ್ಲುದು. ಆದುದರಿಂದ ನಮ್ಮ ಬಚ್ಚಲಿನ ನೆಲವು ಹೊಳೆಯುವುದಕ್ಕೆ ಮುಂಚೆ ಅದರ ಅಡಿಯ ಲೇಪವನ್ನೂ ವಾಟವನ್ನೂ ನಾವು ನಿಂತು ನೋಡುವುದು ಮೇಲು. ಮುಚ್ಚಿದ ಮೇಲೆ ಅವುಗಳ ಗುಣದೋಷಗಳನ್ನು ತಿಳಿಸುವುದು ನೀರೊಂದೇ.