ಹೆರಿಗೆ ನೋವು '57 ಡೆಲ್' ಅಂತೆ! ನೋವನ್ನು ಯಂತ್ರದಿಂದ ಅಳೆಯಲು ಸಾಧ್ಯವೇ?

ಅಮ್ಮಂದಿರ ದಿನ ಹತ್ತಿರ ಬಂತೆಂದರೆ ಈ ಸಂದೇಶ ಮತ್ತೆ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡಲು ಶುರುವಾಗುತ್ತದೆ. ಮನುಷ್ಯನ ದೇಹ 45 ಡೆಲ್ ನೋವನ್ನು ಮಾತ್ರ ತಡೆಯಬಲ್ಲದು, ಆದರೆ ಹೆರಿಗೆಯಲ್ಲಿ ತಾಯಿ 57 ಡೆಲ್ ನೋವು ಅನುಭವಿಸುತ್ತಾಳೆ, ಅದು ಒಟ್ಟಿಗೆ 20 ಮೂಳೆ ಮುರಿದಷ್ಟು ಎನ್ನುವುದು ಅದರ ಸಾರಾಂಶ. ತಡೆಯಲು ಆಗುವುದೇ 45 ಆದರೆ 57 ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ವಿಷಯ ಅಮ್ಮನದ್ದು, ಕೇಳಿದರೆ ಬೈಸಿಕೊಳ್ಳಬೇಕಾಗುತ್ತದೆ!

ಹೆರಿಗೆ ನೋವು ತೀವ್ರ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ಅಂಕಿಗಳು ಸುಳ್ಳು. 'ಡೆಲ್' ಎಂಬ ನೋವಿನ ಮಾನವೇ ವಿಜ್ಞಾನದಲ್ಲಿ ಇಲ್ಲ.

ಹಾಗಾದರೆ ಆ ಪದ ಎಲ್ಲಿಂದ ಬಂತು?

ಇದಕ್ಕೆ ತೀರಾ ಹತ್ತಿರದ 'ಡಾಲ್' ಎಂಬ ಮಾನ ಒಂದು ಕಾಲದಲ್ಲಿ ನಿಜಕ್ಕೂ ಇತ್ತು. 1940ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್ ಮತ್ತು ಹೆಲೆನ್ ಗುಡೆಲ್ ಎಂಬ ಸಂಶೋಧಕರು ಹಣೆಗೆ ಕಪ್ಪು ಶಾಯಿ ಬಳಿದು, ಅದರ ಮೇಲೆ 3 ಸೆಕೆಂಡ್ ದೀಪದ ಶಾಖ ಬಿಟ್ಟು ನೋವನ್ನು ಅಳೆಯಲು ಹೊರಟರು. ಅವರ ಅಳತೆಪಟ್ಟಿ 10.5 ಡಾಲ್‌ಗೆ ಮುಗಿಯುತ್ತಿತ್ತು. ಅದರಲ್ಲಿ 45ಕ್ಕೂ 57ಕ್ಕೂ ಜಾಗವೇ ಇಲ್ಲ. ಹಾರ್ಡಿ ಇದೇ ವಿಧಾನವನ್ನು ಹೆರಿಗೆ ನೋವಿನಲ್ಲಿದ್ದ ಮಹಿಳೆಯರ ಮೇಲೂ ಪ್ರಯೋಗಿಸಿ 1949ರಲ್ಲಿ ವರದಿ ಪ್ರಕಟಿಸಿದರು. ನೋವು ತಿನ್ನುತ್ತಿರುವವರ ಕೈಗೆ ಇನ್ನೊಂದಿಷ್ಟು ಬಿಸಿ ತಾಗಿಸಿ 'ಯಾವುದು ಜಾಸ್ತಿ?' ಎಂದು ಕೇಳುವ ಪ್ರಯೋಗ ಅದು. ಬೇರೆಯವರು ಮಾಡಿದಾಗ ಅದೇ ಫಲಿತಾಂಶ ಸಿಗದೆ ಡಾಲ್ ಮೂಲೆ ಸೇರಿತು.

ಈಗ ಹೇಗೆ ಅಳೆಯುತ್ತಾರೆ?

ಇಂದಿನ ಪ್ರಯೋಗಾಲಯಗಳಲ್ಲಿ ಬಳಸುವ ಒಂದು ದಾರಿ, ಚರ್ಮಕ್ಕೆ ಸಣ್ಣ ಕರೆಂಟ್ ಕೊಟ್ಟು ಮೆದುಳಿನ ಪ್ರತಿಕ್ರಿಯೆ ನೋಡುವುದು. ಕೇಳಲು ಸುಲಭ, ಆದರೆ ಒಂದು ತೊಡಕಿದೆ. ಸ್ಪರ್ಶದ ಸುದ್ದಿ ಒಯ್ಯುವ ನರತಂತುಗಳು ದಪ್ಪ, ನೋವಿನ ಸುದ್ದಿ ಒಯ್ಯುವವು ತೆಳು. ಕರೆಂಟ್ ಕೊಟ್ಟರೆ ಮೊದಲು ಎಚ್ಚರಗೊಳ್ಳುವುದು ದಪ್ಪ ತಂತುಗಳೇ. ಅಂದರೆ ನೀವು ಅಳೆಯಲು ಹೊರಟಿದ್ದು ನೋವು, ಸಿಗುವುದು ಬಹುಪಾಲು ಸ್ಪರ್ಶ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ನಮಗೆ ಬಹಳ ಇಷ್ಟವಾಯಿತು. ನೋವಿನ ನರತುದಿಗಳು ಚರ್ಮದ ತೀರಾ ಮೇಲ್ಪದರದವರೆಗೂ ಬಂದಿರುತ್ತವೆ, ಸ್ಪರ್ಶದ ಹೆಚ್ಚಿನ ತುದಿಗಳು ಸ್ವಲ್ಪ ಕೆಳಗಿರುತ್ತವೆ. ಹಾಗಾಗಿ ಉಂಗುರದಾಕಾರದ ಎಲೆಕ್ಟ್ರೋಡ್‌ನ ನಡುವೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟೇ ಉದ್ದದ ಸೂಜಿಮೊನೆ ಇಟ್ಟು, ಮೇಲ್ಪದರದಲ್ಲೇ ಕರೆಂಟ್ ಹರಿಸುತ್ತಾರೆ. ಕರೆಂಟ್ ತುಂಬ ಕಡಿಮೆ ಇರಬೇಕು. ಹೆಚ್ಚಿಸಿದರೆ ಕೆಳಗಿನ ತಂತುಗಳೂ ಎದ್ದು ಕೂರುತ್ತವೆ.

ತಲೆಗೆ ಇಇಜಿ ಟೋಪಿ ಹಾಕಿರುತ್ತಾರೆ. ಕೈಗೆ ಚುರುಕ್ ಎಂದ ಸುಮಾರು 200 ಮಿಲಿಸೆಕೆಂಡ್ ನಂತರ ನೆತ್ತಿಯ ಭಾಗದಲ್ಲಿ ಒಂದು ಅಲೆ ಏಳುತ್ತದೆ. ಅದರ ಎತ್ತರ ಕೆಲವು ಮೈಕ್ರೋವೋಲ್ಟ್‌ಗಳಿಂದ ಕೆಲವು ಹತ್ತು ಮೈಕ್ರೋವೋಲ್ಟ್, ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಕಣ್ಣು ಮಿಟುಕಿಸಿದರೆ ಇದಕ್ಕಿಂತ ದೊಡ್ಡ ಸಿಗ್ನಲ್ ಬರುತ್ತದೆ! ಆದ್ದರಿಂದ ಹಲವು ಸಲ ಚುಚ್ಚಿ, ಎಲ್ಲದರ ಸರಾಸರಿ ತೆಗೆದು ಅಲೆಯನ್ನು ಹುಡುಕುತ್ತಾರೆ.

ಈ ತೆಳು ತಂತುಗಳಲ್ಲೂ ಎರಡು ಬಗೆ. ಒಂದರಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ 1 ಮೀಟರ್. ಕಾಲ್ಬೆರಳು ಮಂಚಕ್ಕೆ ತಾಗಿದಾಗ ಮೊದಲು 'ಚುಳ್' ಎಂದು, ಒಂದು ಕ್ಷಣ ಬಿಟ್ಟು ಉರಿ ಏರುವುದು ಇದೇ ಕಾರಣಕ್ಕೆ.

ಆ ಅಲೆಯೇ ನೋವಾ?

ಇಲ್ಲ. ಈ ವಿಷಯದಲ್ಲಿ ಫಾರ್ವರ್ಡ್‌ಗಳಷ್ಟೇ ಅಲ್ಲ, ಕೆಲವು ಸುದ್ದಿ ವರದಿಗಳೂ ಎಡವುತ್ತವೆ. ಜಿಯಾನ್‌ಡೊಮೆನಿಕೊ ಯಾನೆಟ್ಟಿ ಮತ್ತು ಸಂಗಡಿಗರು 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅವರು ಬಳಸಿದ್ದು ಕರೆಂಟ್ ಅಲ್ಲ, ಲೇಸರ್ ಶಾಖ. ಒಂದೊಂದು ಸೆಕೆಂಡ್ ಅಂತರದಲ್ಲಿ ಒಂದೇ ತೀವ್ರತೆಯ ಮೂರು ಏಟು. ಮೂರೂ ಅಷ್ಟೇ ನೋವಾಯಿತು ಎಂದರು ಜನ. ಆದರೆ ಎರಡನೇ ಮತ್ತು ಮೂರನೇ ಏಟಿಗೆ ಮೆದುಳಿನ ಅಲೆ ಕುಗ್ಗಿತ್ತು. ಅಲೆ ತೋರಿಸುತ್ತಿದ್ದುದು ಹೆಚ್ಚಾಗಿ 'ಏನೋ ಹೊಸದಾಯಿತು, ನೋಡು' ಎಂಬ ಎಚ್ಚರವನ್ನು.

2016ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಹುಟ್ಟಿನಿಂದಲೇ ನೋವು ಗೊತ್ತಿಲ್ಲದ ಇಬ್ಬರನ್ನು ಸ್ಕ್ಯಾನ್ ಮಾಡಲಾಯಿತು. ಮೊನಚಾದ ವಸ್ತುವಿನಿಂದ ಚುಚ್ಚಿದಾಗ 'ನೋವಿನ ಭಾಗಗಳು' ಎಂದು ಕರೆಯಲಾಗುವ ಜಾಗಗಳು ಅವರ ಮೆದುಳಿನಲ್ಲೂ ಉಳಿದವರಂತೆಯೇ ಬೆಳಗಿದವು. ಇನ್ನೊಂದು ಕಡೆ, ಟಾರ್ ವೇಜರ್ ತಂಡ 2004ರಲ್ಲಿ ಮಣಿಕಟ್ಟಿಗೆ ಶಾಕ್ ಕೊಡುವ ಮುನ್ನ ಔಷಧವೇ ಇಲ್ಲದ ಕ್ರೀಮನ್ನು 'ನೋವು ನಿವಾರಕ' ಎಂದು ಹಚ್ಚಿತ್ತು. ಅದೇ ಶಾಕ್‌ಗೆ ಜನ ಹೇಳಿದ ನೋವೂ ಕಡಿಮೆಯಾಯಿತು, ಮೆದುಳಿನ ಕೆಲವು ಭಾಗಗಳ ಚಟುವಟಿಕೆಯೂ ಇಳಿಯಿತು.

ಹೀಗಿರುವಾಗ ಒಬ್ಬರ ನೋವಿಗೆ ಒಂದು ಅಂಕಿ ಕೊಟ್ಟು ಇನ್ನೊಬ್ಬರದ್ದಕ್ಕೆ ಹೋಲಿಸುವ ಮೀಟರ್ ಯಾರ ಬಳಿಯೂ ಇಲ್ಲ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯಾನದ ಟಿಪ್ಪಣಿಗಳು, ನರಗಳ ಚಟುವಟಿಕೆಯಿಂದಷ್ಟೇ ನೋವನ್ನು ಊಹಿಸಲಾಗದು ಎನ್ನುತ್ತವೆ. ವ್ಯಕ್ತಿ ನೋವಾಗುತ್ತಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂದೂ ಹೇಳುತ್ತವೆ.

'ರಿಪೋರ್ಟ್ ನಾರ್ಮಲ್' ಅಂದರೆ?

ಮನೆಮನೆಗೂ ಮುಟ್ಟುವ ವಿಷಯ ಇದು. ಸಕ್ಕರೆ ಕಾಯಿಲೆ ಇರುವ ಹಲವರಿಗೆ ರಾತ್ರಿ ಪಾದ ಉರಿಯುತ್ತದೆ. ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿದರೆ ವರದಿ ನಾರ್ಮಲ್ ಬರಬಹುದು. ಆಗ 'ಎಲ್ಲ ನಿನ್ನ ಮನಸ್ಸಿನ ಭ್ರಮೆ' ಎಂದು ಮನೆಯವರು ಹೇಳುವುದುಂಟು. ಆ ಪರೀಕ್ಷೆಯಲ್ಲೂ ಚರ್ಮಕ್ಕೆ ಕರೆಂಟ್ ಕೊಡುತ್ತಾರೆ, ಆದರೆ ಅದು ನೋಡುವುದು ದಪ್ಪ ತಂತುಗಳನ್ನು. ತೆಳು ತಂತುಗಳಷ್ಟೇ ಹಾಳಾಗಿದ್ದರೆ ಅದಕ್ಕೆ ಕಾಣುವುದೇ ಇಲ್ಲ. ಅವುಗಳಿಗೆ ಬೇರೆ ಪರೀಕ್ಷೆಗಳಿವೆ: ಬಿಸಿ-ತಂಪು ಎಷ್ಟು ಗೊತ್ತಾಗುತ್ತದೆ ಎಂದು ನೋಡುವುದು, ಚರ್ಮದ ಸಣ್ಣ ಚೂರು ತೆಗೆದು ನರತಂತುಗಳನ್ನು ಎಣಿಸುವ ಬಯಾಪ್ಸಿ. ವರದಿ ನಾರ್ಮಲ್ ಬಂದರೂ ಉರಿ ನಿಲ್ಲದಿದ್ದರೆ 'ತೆಳು ನರಗಳ ಪರೀಕ್ಷೆ ಬೇಕೇ?' ಎಂದು ನರರೋಗ ತಜ್ಞರನ್ನೇ ಕೇಳಿ. ಅಲ್ಲಿಯವರೆಗೆ ಉರಿ ಕಡಿಮೆಯಾಗಲೆಂದು ಪಾದವನ್ನು ಬಿಸಿನೀರಿನಲ್ಲಿ ಇಡಬೇಡಿ. ತೆಳು ತಂತು ಹಾಳಾದ ಪಾದಕ್ಕೆ ಸುಟ್ಟಿದ್ದೂ ಗೊತ್ತಾಗದೆ ಹೋಗಬಹುದು.