ಕ್ಷೌರದ ಕತ್ತಿಯು ಕೈ ಬದಲಿಸಿದ ಬಗೆ

ವಿಜಯನಗರದ ಸದಾಶಿವರಾಯನ ಕಾಲದಲ್ಲಿ (1542–1570) ಕೊಂಡೋಜನೆಂಬ ಕ್ಷೌರಿಕನು ತನ್ನ ಕಸುಬಿನಿಂದ ಅಳಿಯ ರಾಮರಾಯನನ್ನು ಮೆಚ್ಚಿಸಿದನು. ಅದರ ಫಲವಾಗಿ ಕ್ಷೌರಿಕರ ಮೇಲಿದ್ದ ತೆರಿಗೆ, ಬಿಟ್ಟಿ, ಕಾಣಿಕೆಗಳು ಮನ್ನಾ ಆದುವೆಂದು ಬಾದಾಮಿ ಮೊದಲಾದ ಕಡೆಗಳ ಶಾಸನಗಳಿಂದ ತಿಳಿದುಬರುತ್ತದೆ. ಇದು ಸೋಜಿಗವೇನಲ್ಲ, ರಾಜ್ಯವನ್ನಾಳುವವನು ತನ್ನ ಕೊರಳನ್ನೇ ಆ ಕೈಗೆ ಒಪ್ಪಿಸುತ್ತಿದ್ದನಷ್ಟೆ.

ಹಾರೋಹಳ್ಳಿಯಿರುವ ಮೈಸೂರು ಸೀಮೆಯ ಗ್ರಾಮಗಳಲ್ಲಿಯೂ ಕ್ಷೌರಿಕನು ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನಾಗಿ, ಸುಗ್ಗಿಯಲ್ಲಿ ಧಾನ್ಯವನ್ನು ಪಡೆಯುತ್ತಿದ್ದನು. ಕತ್ತಿಯನ್ನು ಮಸೆಯುವ ಹದ, ಕೂದಲಿನ ಒಲವನ್ನು ಬೆರಳಿನಿಂದಲೇ ತಿಳಿಯುವ ಜಾಣ್ಮೆ, ಇವು ತಂದೆಯಿಂದ ಮಗನಿಗೆ ಬರುತ್ತಿದ್ದುವು.

ಆ ಕತ್ತಿಯನ್ನು ಗೃಹಸ್ಥನ ಕೈಗೇ ಕೊಟ್ಟವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಮಸೆಯುವ ಗೊಡವೆಯಿಲ್ಲದ ತೆಳು ಬ್ಲೇಡಿನ ಅವನ ರೇಜರುಗಳು 1903ರಲ್ಲಿ ಮಾರಾಟವಾದುದು 51 ಮಾತ್ರ; ಮರುವರ್ಷ 90,000ಕ್ಕೆ ಮೀರಿದುವು. ಮೊದಲನೆಯ ಮಹಾಯುದ್ಧದಲ್ಲಿ ಅವು ಅಮೆರಿಕದ ಸೈನಿಕರ ಚೀಲವನ್ನೂ ಸೇರಿದುವು.

ಮಸೆಯುವ ಶ್ರಮವು ತಪ್ಪಿತೇ ಹೊರತು ಕಲಿಯುವ ಶ್ರಮವು ತಪ್ಪಲಿಲ್ಲ. ಅಂತಹ ಹಳೆಯ ರೇಜರನ್ನು ಇಂದು ಹಿಡಿಯುವವನೂ ಗಡ್ಡವನ್ನು ಬಿಸಿನೀರಿನಿಂದ ನೆನೆಸಿ, ಕುಂಚದಿಂದ ಸೋಪಿನ ನೊರೆಯನ್ನೆಬ್ಬಿಸಿ, ಅಲಗನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿಟ್ಟು, ಕೂದಲು ಒಲಿದ ದಿಕ್ಕಿಗೆ ಎಳೆಯಬೇಕು. ರೇಜರಿನ ಭಾರವೇ ಸಾಕು. ಒತ್ತಿದವನಿಗೆ ನೆತ್ತರು ಕಾಣುವುದು. ಎಲ್ಲಕ್ಕಿಂತ ತೊಡಕಾದುದು ಗದ್ದದ ಕೆಳಗಿನ ಭಾಗ. ಅಲ್ಲಿ ಕೂದಲು ಒಬ್ಬೊಬ್ಬನಿಗೆ ಒಂದೊಂದು ಕಡೆಗೆ ತಿರುಗಿರುತ್ತದೆ. ಊರಿನ ಅಷ್ಟೂ ಮುಖಗಳ ಈ ತಿರುವುಗಳನ್ನು ಆಯಗಾರನು ಬಲ್ಲವನಾಗಿದ್ದನು. ರೇಜರನ್ನು ಕೊಂಡವನಾದರೋ ತನ್ನದೊಂದನ್ನೇ ಕನ್ನಡಿಯ ಮುಂದೆ ದಿನಗಟ್ಟಲೆ ಹುಡುಕಬೇಕಾಯಿತು.