ವಿಚಾರಣಾ ವಕೀಲ ವೃತ್ತಿ: ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿ

ಕೆಳಹಂತದ ನ್ಯಾಯಾಲಯಗಳಲ್ಲಿ ಸಾಕ್ಷಿಗಳನ್ನು ಕಟಕಟೆಗೆ ಕರೆಸಿ ಮುಖ್ಯ ವಿಚಾರಣೆ, ಪಾಟೀಸವಾಲು ನಡೆಸುವ ವಕೀಲರ ವೃತ್ತಿ ಇದು. ಥಾಣೆ ಸೀಮೆಯಲ್ಲಿ ಇದು ಬೆಳೆದ ರೀತಿ ಪಕ್ಕದ ಮುಂಬಯಿಗಿಂತ ಬೇರೆ.

ಥಾಣೆ 1774ರಲ್ಲೇ ಇಂಗ್ಲಿಷರ ವಶವಾಯಿತು. ಕಲ್ಯಾಣ್ ಮಾತ್ರ ಪೇಶ್ವೆಯ ಆಳ್ವಿಕೆ ಮುಗಿಯುವ ಹೊತ್ತಿಗೆ ಇಂಗ್ಲಿಷರ ಕೈಸೇರಿತು. 1827ರ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ ಕಾಯಿದೆಗಳು ಅದಾಲತುಗಳಿಗೂ ಅಲ್ಲಿನ ವಕೀಲರಿಗೂ ನಿಯಮ ಹಾಕಿಕೊಟ್ಟವು. 1862ರಲ್ಲಿ ಶುರುವಾದ ಮುಂಬಯಿ ಹೈಕೋರ್ಟಿನ ಮೂಲ ವಿಭಾಗದಲ್ಲಿ ಕಕ್ಷಿದಾರ ಮೊದಲು ಅಟಾರ್ನಿಯನ್ನು ಕಾಣಬೇಕಿತ್ತು. ವಾದಕ್ಕೆ ನಿಲ್ಲುವವರು ಬೇರೆ. ಥಾಣೆಯಾದರೋ ಮೊಫಸಿಲ್, ಅಂದರೆ ನಗರದ ಹೊರಗಿನ ಸೀಮೆ. ಅಲ್ಲಿ ದಾವೆ ಬರೆಯುವುದು, ಸಾಕ್ಷಿಯನ್ನು ಪ್ರಶ್ನಿಸುವುದು, ಕೊನೆಗೆ ವಾದ ಮಂಡಿಸುವುದು ಎಲ್ಲವೂ ಒಬ್ಬನದೇ ಕೆಲಸ. ನಗರದ ಬ್ಯಾರಿಸ್ಟರುಗಳು ಮೊಫಸಿಲ್ ವಕೀಲಿಯನ್ನು ಕೆಳಮಟ್ಟದ್ದೆಂದು ಕಂಡಿರಬಹುದು. ಆದರೆ ವಿಚಾರಣೆಯ ಪಳಗಿದ ಕೈ ತಯಾರಾದದ್ದು ಇಂಥ ಕಡೆಯೇ. ಅಟಾರ್ನಿ ಬೇರೆ, ವಾದಿಸುವವರು ಬೇರೆ ಎಂಬ ನಗರದ ಇಬ್ಭಾಗಕ್ಕೆ ಕಾನೂನಿನ ಆಸರೆ ತಪ್ಪಿದ್ದು ಅಡ್ವೊಕೇಟ್ಸ್ ಕಾಯಿದೆಯ 1976ರ ತಿದ್ದುಪಡಿಯಿಂದ.

ವಕೀಲ ವೃತ್ತಿಯ ಕುರಿತ 1879ರ ಕಾಯಿದೆಯಲ್ಲಿ ವಕೀಲ, ಪ್ಲೀಡರ್, ಮುಖ್ತಾರ ಎಂಬ ದರ್ಜೆಗಳಿದ್ದವು. ಮಹಿಳೆಯರಿಗೆ ವಕೀಲಿಯ ಬಾಗಿಲು ತೆರೆದದ್ದು 1923ರಲ್ಲಿ. 1961ರ ಅಡ್ವೊಕೇಟ್ಸ್ ಕಾಯಿದೆ ಈ ದರ್ಜೆಗಳನ್ನು ಒಂದಾಗಿಸಿತು.

ಓದಿಗೆ ಮುಂಬಯಿಯೇ ಗತಿಯಾಗಿತ್ತು. ಥಾಣೆಗೆ 1853ರ ಏಪ್ರಿಲ್ 16ರಂದು ರೈಲು ಬಂತು, 1855ರಲ್ಲಿ ಮುಂಬಯಿಯಲ್ಲಿ ಸರ್ಕಾರಿ ಲಾ ಕಾಲೇಜು ಹುಟ್ಟಿತು. ಕನ್ನಡಿಗರ ನಂಟು ಇನ್ನೊಂದು ದಾರಿಯಿಂದ ಬೆಳೆಯಿತು: 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ ಮುಂಬಯಿಯಲ್ಲಿ ಕಾನೂನು ಓದಿ, 1901ರಲ್ಲಿ ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶರಾದರು. ಧಾರವಾಡ, ಬೆಳಗಾವಿ, ವಿಜಾಪುರಗಳ ಅಪೀಲುಗಳೂ 1956ರವರೆಗೆ ಅದೇ ಹೈಕೋರ್ಟಿಗೆ ಹೋಗುತ್ತಿದ್ದವು. ಆಮೇಲಿನ ಪೀಳಿಗೆಯ ಕಥೆ ಬೇರೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಕರಿಕೋಟು ತೊಟ್ಟವರು ಮುಂಬಯಿ ಕನ್ನಡಿಗರಲ್ಲಿದ್ದಾರೆ.

ಈಗ ಹನ್ನೆರಡನೆಯ ತರಗತಿಯ ನಂತರ ಐದು ವರ್ಷ, ಪದವಿಯ ನಂತರವಾದರೆ ಮೂರು ವರ್ಷದ ಕೋರ್ಸು. ಥಾಣೆಯಲ್ಲೇ ಲಾ ಕಾಲೇಜಿದೆ. ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿನಿಂದ ಸನದು ಪಡೆಯುವುದರ ಜೊತೆಗೆ, 2011ರಿಂದ ನಡೆಯುತ್ತಿರುವ ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ನಿಜವಾದ ಪಾಠ ಸೀನಿಯರ್ ಹಿಂದೆ ಫೈಲು ಹೊತ್ತು, ಮುಂದಿನ ತಾರೀಖು ಬರೆದುಕೊಳ್ಳುವಲ್ಲಿ ಶುರು. ಕೆಳಕೋರ್ಟುಗಳ ಭಾಷೆ ಮರಾಠಿ. ಕನ್ನಡ ಮನೆಯ ಹುಡುಗಿ ಪಾಟೀಸವಾಲನ್ನು ಆ ಭಾಷೆಯಲ್ಲೇ ಹೆಣೆಯಬೇಕು.

ಸೀಮೆ ಒಂದಾದರೂ ಕೋರ್ಟು ಒಂದಲ್ಲ. ಥಾಣೆಯ ಜಿಲ್ಲಾ ನ್ಯಾಯಾಲಯ ಕೋರ್ಟ್ ನಾಕಾದಲ್ಲಿದೆ. ಡೊಂಬಿವಲಿಯವರು ಕಲ್ಯಾಣ್ ಕೋರ್ಟಿಗೆ ಹೋಗಬೇಕು. ನವಿಮುಂಬಯಿಯ ಬೇಲಾಪುರ ಥಾಣೆ ಜಿಲ್ಲೆಗೆ ಸೇರಿದರೆ, ಮಗ್ಗುಲಿನ ಖಾರ್‌ಘರ್ ರಾಯಗಡ ಜಿಲ್ಲೆಗೆ ಸೇರುತ್ತದೆ. ಕಾನೂನೂ ಬದಲಾಗಿದೆ: 2024ರ ಜುಲೈ 1ರಂದು 1872ರ ಸಾಕ್ಷ್ಯ ಕಾಯಿದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದು, ಕಲಮುಗಳ ಸಂಖ್ಯೆಯನ್ನು ಹಳಬರೂ ಹೊಸದಾಗಿ ಕಲಿಯಬೇಕಾಯಿತು.

ಈ ವೃತ್ತಿಯಿಂದ ನ್ಯಾಯಪೀಠಕ್ಕೂ ದಾರಿಯಿದೆ: ಕಿರಿಯ ಸಿವಿಲ್ ನ್ಯಾಯಾಧೀಶ ಹುದ್ದೆಗೆ ಅರ್ಜಿ ಹಾಕುವವರಿಗೆ ಕನಿಷ್ಠ 3 ವರ್ಷದ ವಕೀಲಿ ಕಡ್ಡಾಯವೆಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ತೀರ್ಪು ಕೊಟ್ಟಿತು.